ಅಂಗಿಯ ಒಳಮಗ್ಗುಲು

ಮಾರ್ಚ್ 3, ಸೋಮವಾರ

ನನ್ನ ಹೆಂಡತಿಗೆ ಇಂದಿನಿಂದ ರೇಡಿಯೇಷನ್ ಶುರುವಾಯಿತು. ಒಟ್ಟು ಇಪ್ಪತ್ತೈದು ಸಲ, ಶನಿವಾರ ಭಾನುವಾರ ಬಿಡುವು. ಯಂತ್ರದ ಕೆಳಗೆ ಮಲಗುವುದು ಹತ್ತು ನಿಮಿಷ, ಅದಕ್ಕಾಗಿ ಹೊರಗೆ ಕಾಯುವುದು ಎರಡು ಗಂಟೆ. ಲಾಂಡ್ರಿಯನ್ನು ಮಧ್ಯಾಹ್ನದವರೆಗೆ ಭಾಮೈದನಿಗೆ ಒಪ್ಪಿಸಿ ಬಂದಿದ್ದೇನೆ. ಅವನ ಕೈಗೆ ಇಸ್ತ್ರಿಪೆಟ್ಟಿಗೆ ಕೊಡುವುದೂ ಒಂದೇ, ಗಿರಾಕಿಗಳ ಕಾಲರಿನ ಆಸೆ ಬಿಡುವುದೂ ಒಂದೇ. ಸುಮ್ಮನೆ ಕೂತು ಅಭ್ಯಾಸವಿಲ್ಲದ್ದರಿಂದ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಯಾರಿಗೂ ತೋರಿಸುವುದಕ್ಕಲ್ಲ.

ಸಿಸ್ಟರ್ ಒಂದು ಚೀಟಿ ಕೊಟ್ಟು ಓದಿ ಹೇಳಿದರು. ಎರಡು ಮೂರು ವಾರಕ್ಕೆ ಚರ್ಮ ಕೆಂಪಾಗುತ್ತದಂತೆ, ಉರಿಯುತ್ತದಂತೆ. ಉಗುರುಬೆಚ್ಚಗಿನ ನೀರು, ವಾಸನೆ ಇಲ್ಲದ ಸೋಪು. ಉಜ್ಜಬಾರದು, ಒತ್ತಿ ಒರೆಸಬೇಕು. ಪೌಡರು ಬೇಡ, ಸೆಂಟು ಬೇಡ, ಬಿಸಿಲು ಬೇಡ. ಸಡಿಲವಾದ ಮೆತ್ತನೆ ಹತ್ತಿ ಬಟ್ಟೆ ಹಾಕಬೇಕು.

"ಬಟ್ಟೆ ವಿಷ್ಯ ನಂಗೆ ಬಿಡಿ ಸಿಸ್ಟರ್, ಮೂವತ್ನಾಲ್ಕು ವರ್ಷದಿಂದ ಅದೇ ಕೆಲ್ಸ" ಎಂದೆ. ಇವಳು ಪಕ್ಕದಲ್ಲಿ ಕಣ್ಣು ಮೇಲೆ ಮಾಡಿದಳು. ನಾನು ಜಂಬ ಕೊಚ್ಚಿಕೊಂಡಾಗಲೆಲ್ಲ ಇವಳು ಹಾಗೆ ಮಾಡುತ್ತಾಳೆ.

ಮಾರ್ಚ್ 5, ಬುಧವಾರ

ಇವಳ ಅಂಗಿಯ ಒಳಗೆ ನೇರಳೆ ಶಾಯಿಯ ಕಲೆ. ಯಂತ್ರ ಎಲ್ಲಿಗೆ ಗುರಿ ಇಡಬೇಕೆಂದು ಅವರು ಮೈಮೇಲೆ ಗೆರೆ ಎಳೆದಿದ್ದಾರೆ. ಕಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಎರಡು ನೀರಿನಲ್ಲಿ ತೆಗೆದೆ.

"ಅಂಗಿ ಮೇಲಿಂದು ತೆಗೀರಿ, ನನ್ನ ಮೇಲಿನ ಗೆರೆಗೆ ಮಾತ್ರ ಕೈ ಹಾಕ್ಬೇಡಿ" ಎಂದು ಬಾಗಿಲ ಹಿಂದಿನಿಂದ ಹೇಳಿದಳು.

ಕೈ ಹಾಕುವ ಮಾತೆಲ್ಲಿ ಬಂತು. ಐದು ತಿಂಗಳ ಹಿಂದೆ ಎಡ ಸ್ತನ ತೆಗೆದರು. ಆಗ ಇವಳ ಅಕ್ಕ ಬಂದು ಒಂದೂವರೆ ತಿಂಗಳಿದ್ದು ಗಾಯ ನೋಡಿಕೊಂಡು ಹೋದರು. ಅಂದಿನಿಂದ ಬಟ್ಟೆ ಬದಲಿಸುವಾಗ ಒಳಗಿನಿಂದ ಚಿಲಕ. ನಾನೂ ತಟ್ಟಿಲ್ಲ. ತೋರಿಸು ಎಂದು ಕೇಳುವುದು ಹೇಗೆ, ಬೇಡ ಎನ್ನುವುದು ಹೇಗೆ.

ಮಾರ್ಚ್ 10, ಸೋಮವಾರ

ಆರನೆಯದು ಮುಗಿಯಿತು. ಇವಳ ಬಟ್ಟೆಯೆಲ್ಲ ಮೈಗಂಟುವಂಥವು, ಕೆಲಸಕ್ಕೆ ಬಾರವು. ನನ್ನ ಹಳೆಯ ಅಂಗಿಗಳಲ್ಲಿ ಮೂರನ್ನು ಆರಿಸಿದೆ. ವರ್ಷಗಟ್ಟಲೆ ಒಗೆದು ಒಗೆದು ನೂಲು ಬಳಲಿದೆ, ಅಷ್ಟು ಮೆದು. ಅಂಗಡಿಯ ಸೋಪು ಬದಿಗಿಟ್ಟು ವಾಸನೆ ಇಲ್ಲದ್ದೇ ತಂದೆ. ಮೂರು ಸಲ ಜಾಲಿಸಿದೆ. ಕೊನೆಯ ನೀರಿಗೆ, ಹೋಟೆಲಿನವರ ಟವೆಲ್ಲಿಗೆ ನಾವು ಹಾಕುವ ಮೆತ್ತಗೆ ಮಾಡುವ ಔಷಧಿಯನ್ನು ಎರಡು ಮುಚ್ಚಳ ಹೆಚ್ಚಾಗಿಯೇ ಹಾಕಿದೆ. ಒಣಗಿದ ಮೇಲೆ ಕೈಯಲ್ಲಿ ಹಿಡಿದರೆ ಬೆಣ್ಣೆ.

ಇವಳು ಹಾಕಿಕೊಂಡು ಹೊರಗೆ ಬಂದಳು. ತೋಳು ಮೊಣಕೈ ದಾಟಿ ನೇತಾಡುತ್ತಿತ್ತು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರಮ್ಮ, ತಾನೇ ಅಪ್ಪನ ಅಂಗಿ ತೊಟ್ಟ ಮಗುವಿನ ಹಾಗೆ ನಿಂತಿದ್ದಳು.

"ಚೆನ್ನಾಗಿದೆ" ಎಂದಳು. ಇವಳ ಬಾಯಲ್ಲಿ ಇಷ್ಟು ಬಂದರೆ ಬಹುಮಾನ ಬಂದ ಹಾಗೆ.

ಮಾರ್ಚ್ 19, ಬುಧವಾರ

ಹದಿಮೂರು ಮುಗಿಯಿತು. ಕೆಂಪಾಗಿದೆಯಂತೆ. ಅಂತೆ ಎಂದು ಬರೆಯುತ್ತೇನೆ, ನಾನು ನೋಡಿಲ್ಲವಲ್ಲ. ಕುತ್ತಿಗೆಯ ಬುಡದಲ್ಲಿ ಕಾಲರಿನ ಕೆಳಗೆ ಒಂದು ಅಂಚು ಮಾತ್ರ ಕಾಣುತ್ತದೆ, ಸ್ಕೇಲಿಟ್ಟು ಎಳೆದಷ್ಟು ನೇರ. ತುರಿಕೆ ಬಂದರೆ ಅಂಗೈಯಿಂದ ಮೆಲ್ಲಗೆ ತಟ್ಟಿಕೊಳ್ಳುತ್ತಾಳೆ, ಉಗುರು ತಾಗಿಸುವುದಿಲ್ಲ. ಸಿಸ್ಟರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾಳೆ. ಪಾಠ ಹೇಳುವವರೇ ಒಳ್ಳೆಯ ವಿದ್ಯಾರ್ಥಿಗಳು.

ಮುಲಾಮು ಹಚ್ಚಿಕೊಳ್ಳಲು ಕಾಲು ಗಂಟೆ ಒಳಗಿದ್ದಳು.

"ಕಂಕುಳ ಹಿಂದೆ ಕೈ ಹೋಗುತ್ತಾ?" ಎಂದು ಬಾಗಿಲಿಗೇ ಕೇಳಿದೆ.

"ಹೋಗುತ್ತೆ."

"ನಾನು ಬೇಕಾದ್ರೆ..."

"ಹೋಗುತ್ತೆ ಅಂದ್ನಲ್ಲ ರೀ."

ಅಂಗಡಿಗೆ ಹೋದರೆ ಭಾಮೈದ ವಕೀಲರ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಒತ್ತಿಟ್ಟಿದ್ದ. ಬೈಯಲು ಬಾಯಿ ತೆರೆದೆ, ಯಾಕೋ ಮನಸ್ಸು ಬರಲಿಲ್ಲ.

ಮಾರ್ಚ್ 21, ಶುಕ್ರವಾರ

ಕಾಯುವ ಸಾಲಿನಲ್ಲಿ ಇವಳಿಗೊಬ್ಬ ಗೆಳತಿ ಇದ್ದಳು, ಹೂವಿನಂಗಡಿಯವಳು. ಇವತ್ತು ಬರಲಿಲ್ಲ. ಚರ್ಮ ಒಡೆದು ಹತ್ತು ದಿನ ನಿಲ್ಲಿಸಿದ್ದಾರಂತೆ. ಮಧ್ಯೆ ಬಿಟ್ಟರೆ ಅಷ್ಟು ಒಳ್ಳೆಯದಲ್ಲ ಎಂದು ಡಾಕ್ಟರು ಮೊದಲ ದಿನವೇ ನಮಗೂ ಹೇಳಿದ್ದರು.

ಬಸ್ಸಿನಿಂದ ಇಳಿಯುವಾಗ ಇವಳು, "ನಂದು ನಿಲ್ಲಬಾರ್ದು. ನಿಂತ್ರೆ ಅದು ಮತ್ತೆ ಬೆಳೆಯುತ್ತೆ" ಎಂದಳು. ಹಾಗೇನಿಲ್ಲ ಎಂದೆ. ನನಗೇನು ಗೊತ್ತು.

ಮಾರ್ಚ್ 24, ಸೋಮವಾರ

ಒಗೆಯಲು ಅಂಗಿ ತಿರುವಿ ಹಾಕಿದಾಗ ಕಂಡಿತು. ಎಡ ತೋಳಿನ ಹೊಲಿಗೆಯ ಹಿಂಬದಿ, ಒಳಮಗ್ಗುಲಲ್ಲಿ, ಕಾಸಿನಗಲ ತಿಳಿಹಳದಿ ಕಲೆ. ನಡುವೆ ಬಟ್ಟೆ ಗಟ್ಟಿಯಾಗಿತ್ತು.

"ಇದೇನು?" ಎಂದೆ.

"ಬೆವರು."

ಬೆವರು ಹೇಗಿರುತ್ತದೆ ಎಂದು ನನಗೇ ಪಾಠ. ಬೆವರು ಹರಡುತ್ತದೆ, ಅಂಚು ಬಿಳಿಯಾಗುತ್ತದೆ. ಇದು ಒಸರಿದ್ದು. ಮೈ ಒಡೆದ ಕಡೆಯಿಂದ ಒಸರಿದ್ದು. ಮಲಗಿದಾಗ ಆ ಜಾಗ ಬೆನ್ನ ಕಡೆ ಅಡಗುವುದರಿಂದ ಯಂತ್ರದವರಿಗೂ ಕಂಡಿರಲಾರದು. ಸೋಮವಾರ ಸೋಮವಾರ ಸಿಸ್ಟರ್ ಚರ್ಮ ನೋಡುತ್ತಾರೆ. ಇವತ್ತು ಇವಳು ಏನು ಮಾಡಿ ತಪ್ಪಿಸಿಕೊಂಡಳೋ.

ಈ ಕಸುಬಿಗೆ ಕೂರಿಸಿದ ದಿನ ನನ್ನಪ್ಪ ಹೇಳಿದ್ದು ಒಂದೇ ಮಾತು. ಬಟ್ಟೆ ಮೇಲೆ ಕಂಡದ್ದನ್ನು ನೀರಿಗೆ ಬಿಟ್ಟುಬಿಡು, ನಾಲಿಗೆ ಮೇಲೆ ತರಬೇಡ. ಯಾರ ಮನೆಯ ಹಾಸಿಗೆ, ಯಾರ ಅಂಗಿಗೆ ಯಾರ ಲಿಪ್‌ಸ್ಟಿಕ್, ಯಾರ ಕರವಸ್ತ್ರದಲ್ಲಿ ರಕ್ತ, ಎಲ್ಲ ನೋಡಿದ್ದೇನೆ. ಎಲ್ಲೂ ಬಾಯಿ ಬಿಟ್ಟಿಲ್ಲ. ಇವತ್ತೂ ಬಿಡಲಿಲ್ಲ. ಬಟ್ಟೆ ಇನ್ನಷ್ಟು ಮೆದುವಾಗಲಿ ಎಂದು ಕೊನೆಯ ನೀರಿಗೆ ಇನ್ನೊಂದು ಮುಚ್ಚಳ ಸುರಿದೆ.

ಮಾರ್ಚ್ 25, ಮಂಗಳವಾರ

ಅಂಗಿ ನನ್ನ ಬುಟ್ಟಿಗೆ ಬರಲಿಲ್ಲ. ಬಚ್ಚಲಲ್ಲಿ ಹಿಂಡಿ ನೇತು ಹಾಕಿತ್ತು. ಇವಳು ಒಗೆದಿದ್ದಾಳೆ.

ಮದುವೆಗೆ ಮುಂಚೆಯೇ ಕರಾರು ಮಾಡಿಕೊಂಡಿದ್ದಳು, ನಾನು ಅಡುಗೆ ಬೇಕಾದರೆ ಮಾಡುತ್ತೇನೆ, ಲಾಂಡ್ರಿಯವನನ್ನು ಕಟ್ಟಿಕೊಂಡು ಬಟ್ಟೆ ಮಾತ್ರ ಒಗೆಯುವುದಿಲ್ಲ ಎಂದು. ಇಷ್ಟು ವರ್ಷದಲ್ಲಿ ಒಂದು ಕರ್ಚೀಫೂ ಒಗೆದವಳಲ್ಲ. ಒದ್ದೆ ಅಂಗಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನಾನು ಹೆದರಿದ್ದು ಆಗಲೇ.

ಮಾರ್ಚ್ 26, ಬುಧವಾರ

ಕೇಳಿಯೇಬಿಟ್ಟೆ. ಮೊದಲು ಸಿಟ್ಟು ಮಾಡಿದಳು. ಆಮೇಲೆ ಮಂಚದ ಅಂಚಿನಲ್ಲಿ ಕೂತು, "ಒಡೆದಿದೆ. ಐದಾರು ದಿನ ಆಯ್ತು" ಎಂದಳು.

"ಸಿಸ್ಟರ್‌ಗೆ ಹೇಳೋಣ."

"ಹೇಳಿದ್ರೆ ನಿಲ್ಲಿಸ್ತಾರೆ. ಹದಿನೆಂಟು ಆಗಿದೆ, ಇನ್ನು ಏಳೇ ಏಳು. ಹಲ್ಲು ಕಚ್ಚಿಕೊಂಡು ಮುಗಿಸಿಬಿಡ್ತೀನಿ. ನೀವು ಬಾಯಿ ಬಿಡಲ್ಲ ಅಂತ ಮಾತು ಕೊಡಿ."

ಇವಳು ನನ್ನನ್ನು ಏನೂ ಕೇಳುವವಳಲ್ಲ. ಕೊಟ್ಟೆ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಇವಳು ತಲೆ ಬಾಚಿಕೊಳ್ಳಲು ಎಡಗೈ ಎತ್ತಿದಳು. ಅರ್ಧಕ್ಕೆ ನಿಲ್ಲಿಸಿ, ಬಾಚಣಿಗೆಯನ್ನು ಬಲಗೈಗೆ ದಾಟಿಸಿ, ಏನೂ ಆಗದವಳಂತೆ ನನ್ನತ್ತ ನಕ್ಕಳು. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

ಹತ್ತೊಂಬತ್ತನೆಯದು ಮುಗಿಸಿ ಇವಳು ಹೊರಗೆ ಬಂದಾಗ ಸಿಸ್ಟರ್ ಎದುರಾದರು. "ಹೇಗಿದೆ ಅಮ್ಮ?" "ಚೆನ್ನಾಗಿದೆ ಸಿಸ್ಟರ್." ಅವರು ಮುಂದೆ ಹೋಗುತ್ತಿದ್ದರು.

"ಚೆನ್ನಾಗಿಲ್ಲ" ಎಂದೆ. "ಕಂಕುಳ ಹಿಂದೆ ಒಡೆದಿದೆ. ಒಸರ್ತಾ ಇದೆ."

ಇವಳು ನನ್ನನ್ನು ನೋಡಲಿಲ್ಲ. ಚಪ್ಪಲಿ ನೋಡಿಕೊಂಡು ನಿಂತಳು.

ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದ ಸಿಸ್ಟರ್ ಇವಳೆದುರೇ ವಿಚಾರಿಸಿದರು. ಯಾವ ಸೋಪು? ವಾಸನೆ ಇಲ್ಲದ್ದು. ಬಟ್ಟೆಗೆ? ಅದೂ ವಾಸನೆ ಇಲ್ಲದ್ದೇ. "ಜಾಲಿಸೋ ನೀರಿಗೆ ಏನಾದ್ರೂ ಹಾಕ್ತೀರಾ ಯಜಮಾನ್ರೇ?"

ನನಗೆ ಅದು ಹೊಳೆದೇ ಇರಲಿಲ್ಲ. ಸೋಪಲ್ಲವಲ್ಲ, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ಔಷಧಿಯ ವಾಸನೆಯೇ ಅಂಗಡಿಯ ವಾಸನೆ, ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ. ಎಷ್ಟು ಮುಚ್ಚಳ ಎಂಬುದನ್ನೂ ಹೇಳಿದೆ.

"ಅದ್ರಿಂದಾನೇ ಅಂತ ಹೇಳಕ್ಕಾಗಲ್ಲ" ಎಂದರು ಸಿಸ್ಟರ್. "ಮಡಿಕೆ ಇರೋ ಕಡೆ ಹಾಗೂ ಒಡೆಯುತ್ತೆ. ಆದ್ರೆ ಅದು ಬಟ್ಟೇಲೇ ಉಳ್ಕೊಳ್ಳುತ್ತೆ, ಉರಿ ಜಾಸ್ತಿ ಮಾಡುತ್ತೆ. ಇನ್ಮೇಲೆ ಬರೀ ನೀರು."

ಡಾಕ್ಟರು ನೋಡಿ ನಾಳೆ ಬೇಡ, ಸೋಮವಾರವೂ ಬೇಡ, ಮಂಗಳವಾರ ನೋಡಿ ಹೇಳುತ್ತೇನೆ ಎಂದರು. ಮಾತು ಮುರಿದವನೂ ನಾನೇ, ಮೈ ಸುಟ್ಟವನೂ ನಾನೇ.

ಮಾರ್ಚ್ 28, ಶುಕ್ರವಾರ

ಮೂರು ಅಂಗಿಯನ್ನೂ ಬರೀ ನೀರಲ್ಲಿ ಎಂಟು ಸಲ ಜಾಲಿಸಿದೆ. ಮೂಗಿಗೆ ಹಿಡಿದು ನೋಡುತ್ತೇನೆ, ಹೋಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೊನೆಗೆ ಪಕ್ಕದ ಮನೆಯವರ ಮೂಗು ಕೇಳಿ ಪಡೆದೆ. ಇನ್ನೂ ಇದೆ ಎಂದರು. ಮತ್ತೆ ನಾಲ್ಕು ಸಲ.

ರಾತ್ರಿ ಊಟದ ತಟ್ಟೆ ಮುಂದೆ ಇಟ್ಟುಕೊಂಡು, "ನೀರಿಗೆ ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ. ಮಾತು ಕೊಟ್ಟು ಮುರಿದ್ರಲ್ಲ" ಎಂದಳು. ತಪ್ಪಾಯಿತು ಎನ್ನಲು ಹೊರಟೆ. ಆದರೆ ಅದು ಸುಳ್ಳಾಗುತ್ತಿತ್ತು. ಮತ್ತೆ ಆ ಬಾಚಣಿಗೆ ಕಂಡರೆ ಮತ್ತೆ ಮುರಿಯುತ್ತೇನೆ. ಹಾಗೆಂದು ಹೇಳಿದೆ. ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಮಾರ್ಚ್ 29, ಶನಿವಾರ

ಗಾಯಕ್ಕೆ ಅಂಟದ ಪಟ್ಟಿ ಕೊಟ್ಟಿದ್ದಾರೆ, ದಿನಕ್ಕೆ ಎರಡು ಸಲ ಬದಲಿಸಬೇಕು. ಇವಳು ಒಳಗೆ ಚಿಲಕ ಹಾಕಿಕೊಂಡು ಅರ್ಧ ಗಂಟೆ ಗುದ್ದಾಡಿದಳು. ಏನೋ ಬಿದ್ದ ಸದ್ದು. ಮತ್ತೆ ಏನೋ ಬಿದ್ದ ಸದ್ದು. ಆಮೇಲೆ ಸದ್ದೇ ಇಲ್ಲ.

ಚಿಲಕ ತೆಗೆಯಿತು.

ಮಾರ್ಚ್ 30, ಭಾನುವಾರ

ನಿನ್ನೆ ಮುಂದಕ್ಕೆ ಬರೆಯಲು ಆಗಲಿಲ್ಲ. ಇವಳು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದಳು. ನಾನು ಕೈ ತೊಳೆದು ಬಂದೆ. ಮತ್ತೆ ಹೋಗಿ ತೊಳೆದು ಬಂದೆ. "ಬಾಗಿಲು ಸವೀತಾ ಇದೆ" ಎಂದಳು. ತಟ್ಟೆ ಎತ್ತಿಕೊಂಡು ಹೋದ ಮೇಲೆ ಬಂದ ಮೊದಲ ಮಾತು.

ಹಳೆಯ ಪಟ್ಟಿಯನ್ನು ನೀರು ಹನಿಸಿ ಸಡಿಲ ಮಾಡಿ ತೆಗೆದೆ. ಕಾಸಿನಗಲ ಅಲ್ಲ, ಅಂಗೈಯಗಲ. ಮೇಲುಚರ್ಮ ಸುಲಿದು ಒಳಗಿನ ಕೆಂಪು ಒದ್ದೆಯಾಗಿ ಹೊಳೆಯುತ್ತಿತ್ತು. ಸುತ್ತ ಕಂದು. ಇದನ್ನು ಹೊತ್ತುಕೊಂಡು ಬಸ್ಸಿನಲ್ಲಿ ನಿಂತು ಬಂದಿದ್ದಾಳೆ, ನನಗೆ ಕಾಫಿ ಮಾಡಿ ಕೊಟ್ಟಿದ್ದಾಳೆ. ನನಗೆ ಅಳು ಬಂತು. ಇವಳ ಬೆನ್ನು ನನ್ನ ಕಡೆಗಿದ್ದದ್ದು ಒಳ್ಳೆಯದಾಯಿತು.

"ಸದ್ದು ಬರ್ತಾ ಇದೆ" ಎಂದಳು.

"ನೆಗಡಿ."

ಇವತ್ತು ಎರಡು ಸಲವೂ ನಾನೇ ಬದಲಿಸಿದೆ. ಎರಡನೆಯ ಸಲ ಇವಳು ನರಳಲಿಲ್ಲ.

ಏಪ್ರಿಲ್ 1, ಮಂಗಳವಾರ

ಡಾಕ್ಟರು ನೋಡಿದರು. ಇವಳು ನನ್ನ ಬೆರಳು ಹಿಡಿದಿದ್ದಳು, ಉಗುರು ಒತ್ತುವಷ್ಟು. "ಒಣಗ್ತಾ ಇದೆ. ಮುಂದುವರಿಸಬಹುದು. ಎರಡು ದಿನ ತಡವಾದ್ರೆ ತೊಂದ್ರೆ ಇಲ್ಲ, ಮುಚ್ಚಿಟ್ಟು ಕೀವಾಗಿದ್ರೆ ತಿಂಗಳೇ ನಿಲ್ಲಿಸಬೇಕಿತ್ತು" ಎಂದರು. ಇಪ್ಪತ್ತನೆಯದು ಆಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನಗೆ ಬಿಟ್ಟಳು. ಕಿಟಕಿ ಬಿಡುವುದೆಂದರೆ ಇವಳ ಲೆಕ್ಕದಲ್ಲಿ ರಾಜಿ.

ಏಪ್ರಿಲ್ 3, ಗುರುವಾರ

ಹೊಲಿಗೆಯೇ ಉಜ್ಜುತ್ತಿದೆ ಎಂದು ಇವತ್ತು ಹೊಳೆಯಿತು. ಬಟ್ಟೆ ಎಷ್ಟು ಮೆದುವಾದರೇನು, ತೋಳು ಸೇರುವ ಕಡೆ ಮಡಿಕೆಯ ದಪ್ಪ ಇದ್ದೇ ಇರುತ್ತದೆ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಡಿಸಿದೆ. ಹೊಲಿಗೆಯೆಲ್ಲ ಹೊರಗೆ, ಮೈಗೆ ನಯವಾದ ಕಡೆ.

ಹಾಗೆಯೇ ಆಸ್ಪತ್ರೆಗೆ ಬಂದಳು. ಬಸ್ಸಿನಲ್ಲಿ ಒಬ್ಬಾಕೆ, "ಅಂಗಿ ತಿರುಗಮುರುಗ ಆಗಿದೆ ನೋಡಿ" ಎಂದರು. "ಗೊತ್ತು, ನಮ್ಮನೆಯವ್ರೇ ಹಾಕಿದ್ದು, ಅವ್ರು ಲಾಂಡ್ರಿಯವ್ರು" ಎಂದಳು ಇವಳು. ಆಕೆ ನನ್ನ ಮುಖವನ್ನು ಕನಿಕರದಿಂದ ನೋಡಿದರು. ನನ್ನ ಅಂಗಡಿಯ ಮಾನ ಅಲ್ಲಿಗೆ ಮುಗಿಯಿತು. ಇವಳು ಸ್ಟಾಪು ಬರುವವರೆಗೂ ಒಳಗೊಳಗೇ ನಗುತ್ತಿದ್ದಳು.

ಏಪ್ರಿಲ್ 8, ಮಂಗಳವಾರ

ಇಪ್ಪತ್ತೈದು. ಮುಗಿಯಿತು. ಹೂವಿನಂಗಡಿಯವಳೂ ಮತ್ತೆ ಶುರು ಮಾಡಿದ್ದಾಳೆ, ಇಬ್ಬರೂ ಕೈ ಹಿಡಿದುಕೊಂಡು ಕೂತಿದ್ದರು.

ಸಿಸ್ಟರ್ ಬಾಗಿಲವರೆಗೆ ಬಂದು, "ಮುಗೀತು ಅಂತ ಮೈ ಮರೀಬೇಡಿ, ಇನ್ನೊಂದು ಹತ್ತು ದಿನ ಚರ್ಮ ಇನ್ನೂ ಹದಗೆಡುತ್ತೆ, ಆಮೇಲೆ ವಾಸಿಯಾಗೋದು" ಎಂದರು. ನಾಳೆಯಿಂದ ಪೂರ್ತಿ ದಿನ ಬರುತ್ತೇನೆ ಎಂದು ಭಾಮೈದನಿಗೆ ಹೇಳಿಟ್ಟಿದ್ದೆ. ಫೋನು ಮಾಡಿ ಬರುವುದಿಲ್ಲ ಎಂದೆ.

"ಮತ್ತೆ ಅಂಗಡಿ ಭಾವ?"

"ನೀನಿದ್ದೀಯಲ್ಲ."

ನಿಜವಾಗ್ಲೂನಾ ಎಂದು ಎರಡು ಸಲ ಕೇಳಿದ.

ಏಪ್ರಿಲ್ 13, ಭಾನುವಾರ

ಸಿಸ್ಟರ್ ಹೇಳಿದ ಹಾಗೇ ಆಯಿತು. ಮುಂದುಗಡೆಯೂ ಎರಡು ಕಡೆ ಸುಲಿದಿದೆ. ನೀರನ್ನು ಮೊದಲು ನನ್ನ ಮಣಿಕಟ್ಟಿಗೆ ಬಿಟ್ಟು ನೋಡುತ್ತೇನೆ, ಬಿಸಿಯೂ ಇರಬಾರದು, ತಣ್ಣಗೂ ಇರಬಾರದು. ಲೋಟದಿಂದ ಭುಜದ ಮೇಲೆ ಹರಿಸುತ್ತೇನೆ, ಅದು ತಾನಾಗಿ ಇಳಿಯಬೇಕು. ಒರೆಸುವುದಿಲ್ಲ. ಮೆದು ಬಟ್ಟೆಯನ್ನು ಇಟ್ಟು ಎತ್ತುತ್ತೇನೆ. ಎಡಗೈಯನ್ನು ದಿಂಬಿನ ಮೇಲೆ ಚಾಚಿ ಗಾಳಿ ಆಡಲು ಬಿಡುತ್ತೇನೆ, ಆ ಇಪ್ಪತ್ತು ನಿಮಿಷ ಇವಳು ನನಗೆ ಪೇಪರು ಓದಿ ಹೇಳುತ್ತಾಳೆ. ಆಮೇಲೆ ಮುಲಾಮು, ಒಡೆದ ಕಡೆ ಬಿಟ್ಟು. ಬೆರಳ ತುದಿಯಲ್ಲಿ ಹಚ್ಚಿದರೆ ಒತ್ತಡ ಬೀಳುತ್ತದೆ, ಬೆರಳ ಹೊಟ್ಟೆಯಲ್ಲಿ ಹಚ್ಚಬೇಕು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಇಷ್ಟು ಬರೆದ ಮೇಲೆ ನೋಡುತ್ತೇನೆ, ಅಂಗಡಿಯ ವಿಷಯ ಬರೆಯಲು ಮರೆತೇ ಹೋಗಿದೆ. ನಡೆಯುತ್ತಿರಬೇಕು.

ಏಪ್ರಿಲ್ 20, ಭಾನುವಾರ

ಅಂಚಿನಿಂದ ಒಣಗಿ ಬರುತ್ತಿದೆ. ಕಪ್ಪು ಸಿಪ್ಪೆ ತಾನಾಗಿ ಉದುರುತ್ತದೆ, ಕೀಳಬಾರದು. ಒಂದು ಚೂರು ಅರ್ಧ ಎದ್ದು ನಿಂತಿತ್ತು, ಕಿತ್ತುಬಿಡಲೇ ಎಂದು ಇವಳು ಮೂರು ಸಲ ಕೇಳಿದಳು. ಬೇಡ ಎಂದೆ. "ನೀವು ಮೇಷ್ಟ್ರಾಗ್ಬೇಕಿತ್ತು" ಎಂದಳು.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಕೊನೆಯ ಪಟ್ಟಿ ತೆಗೆದೆ. ಕೆಳಗೆ ಒದ್ದೆ ಇರಲಿಲ್ಲ. ಎಲ್ಲ ಕಡೆ ಹೊಸ ಚರ್ಮ ಬಂದಿದೆ, ತೆಳುವಾಗಿ, ಗುಲಾಬಿಯಾಗಿ. "ಮುಗೀತು, ಇನ್ನು ಪಟ್ಟಿ ಬೇಡ" ಎಂದು ಅಂಗಿ ಕೈಗೆ ಕೊಟ್ಟೆ. ಇವಳು ತೊಡಲಿಲ್ಲ. ಗೋಡೆಯ ಕಡೆ ಮುಖ ಮಾಡಿಯೇ ಕೂತಿದ್ದಳು.

"ಏನಿದೆ ಅಲ್ಲಿ? ಹೇಳಿ" ಎಂದಳು.

"ನಿಂಗೆ ಗೊತ್ತಿಲ್ವಾ?"

"ನಾನು ನೋಡೇ ಇಲ್ಲ."

ಆರೇಳು ತಿಂಗಳು. ಆ ಚಿಲಕ ನನಗೆ ಹಾಕಿದ್ದೆಂದು ನಾನು ತಿಳಿದುಕೊಂಡಿದ್ದೆ. ಮುಲಾಮನ್ನೂ ಕತ್ತಲೆಯಲ್ಲಿ ತಡಕಿ ಹಚ್ಚಿಕೊಳ್ಳುತ್ತಿದ್ದಳಂತೆ, ದೀಪ ಹಾಕುತ್ತಿರಲಿಲ್ಲವಂತೆ.

ಎದುರಿಗೆ ಹೋಗಿ ಕೂತೆ. ಕಂಡದ್ದನ್ನು ಹೇಳುವುದು ನನಗೆ ಬರುವುದಿಲ್ಲ, ಕಂಡದ್ದನ್ನು ಬಿಡುವುದಷ್ಟೇ ಕಲಿತವನು. ಆದರೂ ಹೇಳಿದೆ. ನಡು ಎದೆಯಿಂದ ಕಂಕುಳವರೆಗೆ ಒಂದು ಗೆರೆ ಇದೆ. ಒಂದು ಗೇಣು, ಮೇಲೆ ಎರಡು ಬೆರಳು. ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿದೆ. ಜಾಗ ಚಪ್ಪಟೆಯಾಗಿದೆ. ಸುತ್ತ ಬಿಸಿಲಿಗೆ ಕಂದಿದ ಹಾಗೆ ಚೌಕಾಕಾರ, ನಡುನಡುವೆ ಹೊಸ ಚರ್ಮ. ಪಕ್ಕೆಯ ಹತ್ತಿರ ನಿನ್ನ ಮಚ್ಚೆ ಇದೆ.

"ಆ ಮಚ್ಚೆ ಇದೆಯಾ?"

"ಇದೆ."

"ಅದೂ ಹೋಯ್ತು ಅಂದ್ಕೊಂಡಿದ್ದೆ."

ಬೆರಳಿಂದ ಆ ಮಚ್ಚೆಯನ್ನು ತಡಕಿ ಮುಟ್ಟಿಕೊಂಡಳು. "ನೋಡಕ್ಕೆ ನಿಮ್ಗೆ ಹೇಗನ್ಸುತ್ತೆ? ಸುಳ್ಳು ಹೇಳ್ಬೇಡಿ."

"ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ದೆಯಲ್ಲ ಅಂತ ಸಿಟ್ಟು ಬರುತ್ತೆ. ಬೇರೇನೂ ಅನ್ಸಲ್ಲ. ನೀನು ಇದೀಯಲ್ಲ, ಅಷ್ಟೇ ಅನ್ಸುತ್ತೆ."

ಇವಳು ಕಣ್ಣೊರೆಸಿಕೊಂಡು ಕನ್ನಡಿ ತನ್ನಿ ಎಂದಳು. ಮೊಳೆಯಿಂದ ಕಳಚಿ ತಂದು ಎದುರಿಗೆ ಹಿಡಿದೆ. ಮೊದಲು ಮುಖ ನೋಡಿಕೊಂಡಳು, ಕೂದಲು ಸರಿ ಮಾಡಿಕೊಂಡಳು, ಸುಮ್ಮನೆ ಹೊತ್ತು ಕಳೆದಳು.

"ಸ್ವಲ್ಪ ಕೆಳಗೆ ಹಿಡೀರಿ" ಎಂದಳು. ಹಿಡಿದೆ. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಕನ್ನಡಿಯ ಅಂಚಿನ ಮೇಲೆ, ನನ್ನ ಕೈಯ ಮೇಲೆ ಇಟ್ಟಳು. ಕನ್ನಡಿಯನ್ನು ಇಬ್ಬರೂ ಹಿಡಿದುಕೊಂಡೆವು.